ಕಾಲೇಜಿಗೆ ಹೋಗುವ ಮಕ್ಕಳು ಮತ್ತು ನಮ್ಮ ಆದಾಯ ತೆರಿಗೆ

ಮಳೆ ಹಿಡಿದು, ಸಿ.ಇ.ಟಿ. ಸೀಟು ಹಂಚಿಕೆಯ ಗಡಿಬಿಡಿಯೂ ಶುರುವಾಗಿದ್ದ ಒಂದು ಬೆಳಿಗ್ಗೆ, ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಕೊಡೆಯನ್ನು ಬಾಗಿಲ ಮೂಲೆಗೆ ಒರಗಿಸಿ ಕಚೇರಿಯೊಳಗೆ ಬಂದರು. ಗೊಬ್ಬರದ ಲೆಕ್ಕ ಕೇಳಲು ಬಂದಿದ್ದಾರೆಂದು ನಾವು ಎಣಿಸಿದ್ದೆವು. ಅವರ ಪ್ರಶ್ನೆ ಬೇರೆಯೇ ಇತ್ತು.

"ಅಲ್ಲ ಮಾರಾಯ್ರೇ, ಅಮೆರಿಕದಲ್ಲಿರೋ ನನ್ನ ತಮ್ಮ ಮಗಳನ್ನ ಕಾಲೇಜಿಗೆ ಹಾಕಿದಾನೆ. ಅವಳು ನನ್ನ ಆಶ್ರಯದಲ್ಲಿ ಇರೋಳು ಅಂತ ತೆರಿಗೆ ಕಾಗದದಲ್ಲಿ ಬರೆದ್ರೆ ಅಲ್ಲಿನ ಸರಕಾರ ತೆರಿಗೆ ಇಳಿಸ್ತದಂತೆ. ನನ್ನ ಮಗನೂ ಈ ವರ್ಷ ಎಂಜಿನಿಯರಿಂಗಿಗೆ ಸೇರ್ತಾನೆ. ಅವನ ಹೆಸರು ಬರೆಯೋ ಜಾಗ ನಮ್ಮ ಫಾರಂನಲ್ಲಿ ಎಲ್ಲಿದೆ ಹೇಳಿ."

ಅಂಥ ಜಾಗವೇ ಇಲ್ಲ ಎಂದು ಹೇಳಿ ಕಳಿಸಬಹುದಿತ್ತು. ಆದರೆ ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿದ ಸದಸ್ಯರು ಆ ತಿಂಗಳಲ್ಲೇ ಮೂವರು ನಾಲ್ವರಿದ್ದರು. ಅಷ್ಟೇ ಅಲ್ಲ, ಈ ವಿಷಯದಲ್ಲಿ ನಾವೇ ಒಮ್ಮೆ ಕೈ ಸುಟ್ಟುಕೊಂಡವರು. ಆದ್ದರಿಂದ ಈ ಸಂಚಿಕೆಯಲ್ಲಿ ರೋಗ, ಗೊಬ್ಬರ, ಧಾರಣೆಗಳನ್ನು ಬದಿಗಿಟ್ಟು ಇದನ್ನೇ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇವೆ.

ಸದಸ್ಯರ ತಮ್ಮ ಹೇಳಿದ್ದು ನಿಜ. ಅಮೆರಿಕದ ಕಾನೂನಿನಲ್ಲಿ ಆಶ್ರಿತ ಎಂಬುದಕ್ಕೆ ಸ್ಪಷ್ಟವಾದ ಅರ್ಥವಿದೆ. ಮಗನೋ ಮಗಳೋ ವರ್ಷದಲ್ಲಿ ಕನಿಷ್ಠ 5 ತಿಂಗಳು ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದು, ವರ್ಷಾಂತ್ಯಕ್ಕೆ 24 ತುಂಬದೆ, ತನ್ನ ಜೀವನದ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಾನೇ ಭರಿಸಿಕೊಳ್ಳದೆ ಇದ್ದರೆ ತಂದೆ ತಾಯಿ ಆ ಹೆಸರನ್ನು ತಮ್ಮ ರಿಟರ್ನಿನಲ್ಲಿ ತೋರಿಸಬಹುದು. ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಜೊತೆಯಲ್ಲಿ ವಾಸವಿರಬೇಕೆಂಬ ಷರತ್ತೂ ಉಂಟು. ಆದರೆ ಓದಿಗಾಗಿ ಹಾಸ್ಟೆಲಿನಲ್ಲಿದ್ದ ಕಾಲವನ್ನು ಮನೆಯಲ್ಲಿದ್ದಂತೆಯೇ ಎಣಿಸುತ್ತಾರೆ. ಹಾಗೆ ತೋರಿಸಿದರೆ ತೆರಿಗೆಯಲ್ಲಿ 500 ಡಾಲರ್ ವರೆಗೆ ಇಳಿಯುತ್ತದೆ. ಕಾಲೇಜಿನ ಖರ್ಚಿಗೆಂದು ಪ್ರತಿ ವಿದ್ಯಾರ್ಥಿಗೆ 2,500 ಡಾಲರ್ ವರೆಗಿನ ಮತ್ತೊಂದು ರಿಯಾಯಿತಿ ನಾಲ್ಕು ವರ್ಷದ ಮಟ್ಟಿಗೆ ಸಿಗುತ್ತದೆ. ದೊಡ್ಡ ಆದಾಯದವರಿಗೆ ಇವು ಕರಗುತ್ತಾ ಹೋಗುತ್ತವೆ, ಆ ಮಾತು ಇಲ್ಲಿ ಬೇಡ.

ನಮ್ಮ ದೇಶದಲ್ಲೂ ಒಂದು ಕಾಲಕ್ಕೆ ಇದರ ನೆರಳು ಇತ್ತು ಎಂದರೆ ಕಿರಿಯ ಸದಸ್ಯರು ನಂಬಲಿಕ್ಕಿಲ್ಲ. 1958ರ ಸುಮಾರಿಗೆ ಮದುವೆಯಾಗಿ ಮಕ್ಕಳಿಲ್ಲದವರಿಗೆ ರೂ. 3,000 ವರೆಗೆ ತೆರಿಗೆ ಇರಲಿಲ್ಲ. ಒಂದು ಮಗುವಿದ್ದವರಿಗೆ ಈ ಮಿತಿ ರೂ. 3,300, ಅದಕ್ಕಿಂತ ಹೆಚ್ಚು ಮಕ್ಕಳಿದ್ದವರಿಗೆ ರೂ. 3,600. ಆ ಏರ್ಪಾಡು ಹೋಗಿ ಬಹಳ ಕಾಲವಾಯಿತು. ಇಂದು ನಮ್ಮ ಆದಾಯ ತೆರಿಗೆಯವರು ಮನೆಯಲ್ಲಿ ಎಷ್ಟು ಜನ ಉಣ್ಣುವವರಿದ್ದಾರೆಂದು ಕೇಳುವುದಿಲ್ಲ. ಹದಿನೆಂಟು ತುಂಬಿದ ಮಗ ನಮ್ಮ ಮನೆಯ ಅನ್ನ ಉಂಡರೂ, ನಮ್ಮ ದುಡ್ಡಿನಲ್ಲಿ ಓದಿದರೂ, ಅವರ ಲೆಕ್ಕದಲ್ಲಿ ಬೇರೆಯೇ ಒಬ್ಬ ಅಸಾಮಿ.

ಹಾಗಾದರೆ ಕಾಲೇಜಿನ ಖರ್ಚಿಗೆ ಕಾನೂನು ಏನನ್ನೂ ಕೊಟ್ಟಿಲ್ಲವೇ? ಕೊಟ್ಟಿದೆ, ಎರಡು ಕಡೆ. 1961ರ ಕಾಯಿದೆಯಲ್ಲಿ ಅವು 80-ಸಿ ಮತ್ತು 80-ಇ ಕಲಮುಗಳು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯಿದೆ ಜಾರಿಗೆ ಬಂದು ಕಲಮುಗಳ ಸಂಖ್ಯೆ ಬದಲಾಗಿದ್ದರೂ ಜನರ ಬಾಯಲ್ಲಿ ಹಳೆಯ ಸಂಖ್ಯೆಗಳೇ ಇರುವುದರಿಂದ ನಾವೂ ಅವನ್ನೇ ಬಳಸುತ್ತೇವೆ.

80-ಸಿ ಬೋಧನಾ ಶುಲ್ಕಕ್ಕೆ ಸಂಬಂಧಿಸಿದ್ದು. ಭಾರತದೊಳಗಿನ ಶಾಲೆ, ಕಾಲೇಜು, ವಿಶ್ವವಿದ್ಯಾನಿಲಯಗಳಲ್ಲಿ ಪೂರ್ಣಾವಧಿ ಓದುವ ಇಬ್ಬರು ಮಕ್ಕಳ ಬೋಧನಾ ಶುಲ್ಕವನ್ನು ತಂದೆಯೋ ತಾಯಿಯೋ ತಮ್ಮ ಆದಾಯದಿಂದ ಕಳೆಯಬಹುದು. ಆದರೆ ಜೀವವಿಮೆ, ಭವಿಷ್ಯ ನಿಧಿ ಎಲ್ಲವೂ ಸೇರಿ ಒಟ್ಟು ಮಿತಿ ರೂ. 1,50,000 ಮಾತ್ರ. ಡೊನೇಶನ್ ಬಾರದು, ಅಭಿವೃದ್ಧಿ ಶುಲ್ಕ ಬಾರದು, ಹಾಸ್ಟೆಲ್, ಬಸ್ಸು, ಕೋಚಿಂಗ್ ಯಾವುದೂ ಬಾರದು. ಈಗಿನ ಕಾಲೇಜುಗಳ ಬಿಲ್ಲನ್ನು ನೋಡಿದವರಿಗೆ ಗೊತ್ತು, ಇಷ್ಟನ್ನೆಲ್ಲ ತೆಗೆದರೆ ಬೋಧನಾ ಶುಲ್ಕವೆಂದು ಉಳಿಯುವುದು ಹಲವು ಸಲ ಸಣ್ಣ ಪಾಲು. ನಮ್ಮ ಮಗಳನ್ನು ಓದಿಸಿದ ಕಾಲೇಜಿನವರು ಎಲ್ಲವನ್ನೂ ಕೂಡಿಸಿ ಒಂದೇ ಮೊತ್ತದ ರಸೀದಿ ಕೊಟ್ಟಿದ್ದರು. ಬಿಡಿ ವಿವರ ಬರೆಸಿಕೊಳ್ಳಲು ಎರಡು ಸಲ ಘಟ್ಟ ಇಳಿದು ಹತ್ತಿದೆವು. ಕಾಫಿ ಕುಯಿಲಿನ ಕಾಲದಲ್ಲಿ ಎರಡು ದಿನ ತೋಟ ಬಿಟ್ಟು ಹೋದ ನಷ್ಟವನ್ನು ಯಾವ ಕಲಮಿನಲ್ಲಿ ಕಳೆಯುವುದೋ ತಿಳಿಯಲಿಲ್ಲ. ರಸೀದಿಯನ್ನು ಶುಲ್ಕ ಕಟ್ಟಿದ ದಿನವೇ, ಕಿಟಕಿಯ ಮುಂದೆ ನಿಂತಿರುವಾಗಲೇ, ಬಿಡಿಸಿ ಬರೆಸಿಕೊಳ್ಳಿ.

80-ಇ ಶಿಕ್ಷಣ ಸಾಲದ ಬಡ್ಡಿಗೆ ಸಂಬಂಧಿಸಿದ್ದು. ತನ್ನ, ಹೆಂಡತಿಯ ಅಥವಾ ಗಂಡನ, ಮಕ್ಕಳ ಉನ್ನತ ವಿದ್ಯಾಭ್ಯಾಸಕ್ಕಾಗಿ ಪಡೆದ ಸಾಲದ ಮೇಲೆ ಕಟ್ಟಿದ ಬಡ್ಡಿಯನ್ನು, ಕಟ್ಟಲು ಆರಂಭಿಸಿದ ವರ್ಷವೂ ಸೇರಿ ಎಂಟು ವರ್ಷ, ಮೊತ್ತದ ಮಿತಿಯಿಲ್ಲದೆ ಕಳೆಯಬಹುದು. ಪಿ.ಯು.ಸಿ. ನಂತರದ ಯಾವ ಕೋರ್ಸಾದರೂ ಆದೀತು, ವಿದೇಶದ್ದೂ ಆದೀತು. ಅಸಲಿಗೆ ಈ ಸೌಲಭ್ಯ ಇಲ್ಲ. ಕೇಳಲು ಚೆನ್ನಾಗಿದೆ. ಬ್ಯಾಂಕಿನ ಏಜೆಂಟರೂ ವಿಮೆಯವರೂ ನಮ್ಮ ಮನೆ ಬಾಗಿಲಿಗೆ ಬಂದು ಹೇಳುವುದು ಇಷ್ಟನ್ನೇ. ಅವರು ಹೇಳದೆ ಬಿಡುವ ಮಾತು ಆ ಕಲಮಿನ ಮೊದಲ ವಾಕ್ಯದಲ್ಲೇ ಇದೆ: ಬಡ್ಡಿಯನ್ನು ತೆರಿಗೆಗೆ ಒಳಪಡುವ ತನ್ನ ಆದಾಯದಿಂದ ಕಟ್ಟಿರಬೇಕು.

ನಮ್ಮಂಥವರ ಕಥೆ ನಿಲ್ಲುವುದು ಇಲ್ಲಿಯೇ. ಅಡಿಕೆ ಬೆಳೆದು, ಸುಲಿದು, ಬೇಯಿಸಿ ಕೆಂಪಡಿಕೆ ಮಾಡಿಯೋ, ಒಣಗಿಸಿ ಚಾಲಿ ಮಾಡಿಯೋ ಮಾರಿದರೆ ಬರುವುದು ಕೃಷಿ ಆದಾಯ. ಮಾರುಕಟ್ಟೆಗೆ ಒಯ್ಯಲು ಬೆಳೆಗಾರ ಸಾಮಾನ್ಯವಾಗಿ ಮಾಡುವ ಸಂಸ್ಕರಣೆಯಿಂದ ಆದಾಯದ ಸ್ವರೂಪ ಬದಲಾಗುವುದಿಲ್ಲ. ಕೇಂದ್ರದ ಆದಾಯ ತೆರಿಗೆ ಅದಕ್ಕೆ ತಗಲುವುದಿಲ್ಲ. ತೆರಿಗೆಯೇ ಇಲ್ಲದ ಮೇಲೆ ಕಳೆಯುವುದು ಯಾವುದರಿಂದ? ಬರೀ ಅಡಿಕೆ ತೋಟದ ಮೇಲೆ ಬದುಕುವ ಸದಸ್ಯರಿಗೆ ಈ ಎರಡು ಕಲಮುಗಳೂ ಇದ್ದು ಇಲ್ಲದಂತೆ. ಸಾಲ ಮಾಡಿ ಓದಿಸುವುದು ತಪ್ಪಲ್ಲ. ತೆರಿಗೆ ಉಳಿಯುತ್ತದೆಂಬ ಕಾರಣಕ್ಕೆ ಸಾಲ ಮಾಡಿದರೆ ಮಾತ್ರ ಅದು ತಪ್ಪು ಲೆಕ್ಕ.

ಕಾಫಿಯ ವಿಚಾರ ಸ್ವಲ್ಪ ಬೇರೆ. ಚೆರಿಯನ್ನೋ ಪಾರ್ಚ್‌ಮೆಂಟನ್ನೋ ಹಾಗೆಯೇ ಮಾರುವವರ ಆದಾಯ ಪೂರ್ತಿ ಕೃಷಿ ಆದಾಯವೇ. ಕಾಫಿ ಕಾಯಿದೆಯ ವಿವರಣೆಯಂತೆ ಪಲ್ಪಿಂಗ್ ಎಂಬುದು ಕ್ಯೂರಿಂಗ್ ಅಲ್ಲ. ಆದರೆ ಕ್ಯೂರಿಂಗ್ ವರ್ಕ್ಸಿಗೆ ಹಾಕಿಸಿ ಕ್ಲೀನ್ ಕಾಫಿಯಾಗಿ ತನ್ನ ಹೆಸರಿನಲ್ಲಿ ಮಾರುವ ಬೆಳೆಗಾರನ ನಿವ್ವಳ ಆದಾಯದಲ್ಲಿ ನೂರಕ್ಕೆ 25 ಭಾಗ ವ್ಯಾಪಾರದ ಆದಾಯ, ಉಳಿದ 75 ಭಾಗ ಕೃಷಿ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ ವ್ಯಾಪಾರದ ಪಾಲು 40. ಇದು 7-ಬಿ ನಿಯಮವೆಂದು ಎಲ್ಲರೂ ಬಲ್ಲದ್ದು. ಕಾಫಿ ಮಂಡಳಿಯ ಪೂಲಿಗೆ ಕೊಟ್ಟು ಕಂತಿನ ಹಣಕ್ಕೆ ಕಾಯುತ್ತಿದ್ದ ಕಾಲದಲ್ಲಿ ನಮ್ಮ ತಂದೆಯವರಿಗೆ ಈ ತಲೆನೋವು ಇರಲಿಲ್ಲ. ಅವರಿಗೆ ಇದ್ದದ್ದು 1957ರ ರಾಜ್ಯ ಕೃಷಿ ಆದಾಯ ತೆರಿಗೆಯ ತಲೆನೋವು.

ಹಾಗಾದರೆ ಕ್ಯೂರಿಂಗ್ ಮಾಡಿಸಿ ಮಾರುವವರಿಗಾದರೂ ಮಕ್ಕಳ ಶುಲ್ಕ ತೋರಿಸಿ ಲಾಭವಿದೆಯೇ? ನಾವು ಕಾಗದ ಪೆನ್ಸಿಲು ಹಿಡಿದು ಒಂದು ಲೆಕ್ಕ ಮಾಡಿದೆವು. ಕ್ಲೀನ್ ಕಾಫಿ ಮಾರಿ, ಖರ್ಚು ಕಳೆದು ವರ್ಷಕ್ಕೆ ರೂ. 24 ಲಕ್ಷ ನಿವ್ವಳ ಉಳಿಯುವ ಒಬ್ಬ ಬೆಳೆಗಾರ ಎಂದಿಟ್ಟುಕೊಳ್ಳಿ. 6 ಲಕ್ಷ ತೆರಿಗೆಯ ಆದಾಯ, 18 ಲಕ್ಷ ಕೃಷಿ ಆದಾಯ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಾದರೂ ದರ ನಿಗದಿಗಾಗಿ ಅದನ್ನು ಸೇರಿಸಿ ಎಣಿಸುವ ಪದ್ಧತಿ, ಪ್ರೊಫೆಸರ್ ಕೆ.ಎನ್. ರಾಜ್ ಅವರ ಸಮಿತಿಯ ವರದಿಯ ಬಳಿಕ, 1973ರಿಂದ ಬಂದಿದೆ. ಎಂದರೆ ಮೊದಲು ಎರಡೂ ಸೇರಿದ 24 ಲಕ್ಷಕ್ಕೆ ತೆರಿಗೆ ಲೆಕ್ಕ ಹಾಕಬೇಕು. ಬಳಿಕ 18 ಲಕ್ಷಕ್ಕೆ ತೆರಿಗೆ ಇಲ್ಲದ ಮೂಲ ಮಿತಿಯನ್ನು ಕೂಡಿಸಿ, ಅದಕ್ಕೆ ಬರುವ ತೆರಿಗೆಯನ್ನು ಮೊದಲಿನದರಿಂದ ಕಳೆಯಬೇಕು. ಉಳಿದದ್ದು ಕಟ್ಟಬೇಕಾದ ತೆರಿಗೆ.

2025-26ರ ಆರ್ಥಿಕ ವರ್ಷದ ದರದಂತೆ, ಹಳೆಯ ಪದ್ಧತಿಯಲ್ಲಿ ಏನನ್ನೂ ಕಳೆಯದಿದ್ದರೆ ಈ ಬೆಳೆಗಾರರು ಸೆಸ್ ಸೇರಿ ಕಟ್ಟಬೇಕಾದ್ದು ರೂ. 1,09,200. ಮಕ್ಕಳ ಬೋಧನಾ ಶುಲ್ಕವೇ ಒಂದೂವರೆ ಲಕ್ಷವಾಗಿ 80-ಸಿ ಮಿತಿ ಪೂರ್ತಿ ಸಿಕ್ಕಿತೆನ್ನೋಣ, ಆಗ ಕಟ್ಟಬೇಕಾದ್ದು ರೂ. 49,400. ಅರ್ಧಕ್ಕೂ ಮೇಲೆ ಉಳಿಯಿತಲ್ಲ ಎಂದು ಖುಷಿಪಡುವ ಮೊದಲು ಹೊಸ ಪದ್ಧತಿಯನ್ನೂ ನೋಡಿ. ಅಲ್ಲಿ 80-ಸಿ ಇಲ್ಲ, 80-ಇ ಕೂಡ ಇಲ್ಲ, ಮಕ್ಕಳ ಹೆಸರಿನಲ್ಲಿ ಒಂದು ಕಾಸೂ ಕಳೆಯುವಂತಿಲ್ಲ. ಅದೇ ಲೆಕ್ಕಕ್ಕೆ ತೆರಿಗೆ ರೂ. 50,000 ಆಗುತ್ತದೆ. ಆದರೆ ತೆರಿಗೆಯ ಆದಾಯ 12 ಲಕ್ಷ ಮೀರದವರಿಗೆ ರೂ. 60,000 ವರೆಗೆ ರಿಯಾಯಿತಿ ಇರುವುದರಿಂದ ಆ ಐವತ್ತು ಸಾವಿರವೂ ಅಳಿಸಿಹೋಗಿ ಸೊನ್ನೆ ಉಳಿಯುತ್ತದೆ.

ನಾವು ಇದನ್ನು ಮೂರು ಸಲ ಎಣಿಸಿದೆವು, ಆಡಿಟರಿಗೂ ತೋರಿಸಿದೆವು. ರಸೀದಿ ಕೂಡಿಟ್ಟು, ಕಾಲೇಜಿಗೆ ಅಲೆದು, ವಿಮೆ ಕಟ್ಟಿ ಹಳೆಯ ಪದ್ಧತಿಯಲ್ಲಿ ಉಳಿದವರು ನಲವತ್ತೊಂಬತ್ತು ಸಾವಿರ ಕಟ್ಟುತ್ತಾರೆ. ಏನೂ ಮಾಡದವರು ಏನೂ ಕಟ್ಟುವುದಿಲ್ಲ. ಕ್ಲೀನ್ ಕಾಫಿಯ ನಿವ್ವಳ ಆದಾಯ 48 ಲಕ್ಷ ಮೀರಿ, ಅದರ ಕಾಲು ಭಾಗ 12 ಲಕ್ಷ ದಾಟುವವರೆಗೆ, ಬೇರೆ ಆದಾಯ ಇಲ್ಲದವರಿಗೆ, ಹೊಸ ಪದ್ಧತಿಯಲ್ಲಿ ಲೆಕ್ಕಕ್ಕೆ ಬರುವ ತೆರಿಗೆ ರೂ. 60,000 ಮೀರಿದರೆ ಮೀರಿದಷ್ಟನ್ನು ಕಟ್ಟಬೇಕಾದರೂ, 80-ಸಿ ಒಂದರ ಬಲದಿಂದ ಹಳೆಯ ಪದ್ಧತಿ ಅಗ್ಗವಾಗುವುದಿಲ್ಲ. ನಮ್ಮ ಸದಸ್ಯರ ಪಟ್ಟಿಯಲ್ಲಿ ಆ ಮಟ್ಟದವರನ್ನು ಎಣಿಸಲು ಒಂದು ಕೈಯ ಬೆರಳು ಸಾಕು, ಅವರಿಗೆ ನಮ್ಮ ಲೇಖನದ ಅಗತ್ಯವೂ ಇಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯಿಸುತ್ತದೆ. ಹಳೆಯದು ಬೇಕಾದವರು ಗಡುವಿನೊಳಗೆ ಬರೆದು ಕೊಡಬೇಕು. ಸಂಬಳದವರು ವರ್ಷ ವರ್ಷವೂ ಬದಲಾಯಿಸಬಹುದು. ಕ್ಲೀನ್ ಕಾಫಿ ಮಾರುವ ನಾವು ಕಾನೂನಿನ ಕಣ್ಣಿನಲ್ಲಿ ವ್ಯಾಪಾರದ ಆದಾಯವುಳ್ಳವರು. ಹೊಸದನ್ನು ಬಿಟ್ಟು ಹಳೆಯದಕ್ಕೆ ಹೋದರೆ ವಾಪಸು ಬರಲು ಒಂದೇ ಅವಕಾಶ. ಹಾಗೆ ಬಂದ ಮೇಲೆ, ವ್ಯಾಪಾರದ ಆದಾಯ ಇರುವ ತನಕ, ಮತ್ತೆ ಹಳೆಯದರ ಬಾಗಿಲು ಮುಚ್ಚಿತು. ಮಗನ ಒಂದು ವರ್ಷದ ಶುಲ್ಕದ ಆಸೆಗೆ ಈ ಅವಕಾಶವನ್ನು ಕಳೆದುಕೊಳ್ಳಬೇಡಿ.

ಕುಟುಂಬದ ತೋಟ ಇನ್ನೂ ಹಿಸ್ಸೆಯಾಗದೆ ಅವಿಭಕ್ತ ಕುಟುಂಬದ ಲೆಕ್ಕದಲ್ಲಿರುವವರು ನಮ್ಮಲ್ಲಿ ಬಹಳ ಮಂದಿ, ಅದರಲ್ಲೂ ಅಡಿಕೆ ಸೀಮೆಯಲ್ಲಿ. ಅವರು ತಿಳಿಯಬೇಕಾದ್ದು, ಬೋಧನಾ ಶುಲ್ಕವಾಗಲಿ ಶಿಕ್ಷಣ ಸಾಲದ ಬಡ್ಡಿಯಾಗಲಿ ವ್ಯಕ್ತಿಗೆ ಮಾತ್ರ ಸಲ್ಲುವ ಸೌಲಭ್ಯ, ಅವಿಭಕ್ತ ಕುಟುಂಬಕ್ಕೆ ಸಲ್ಲುವುದಿಲ್ಲ. ಯಜಮಾನರು ಕುಟುಂಬದ ಖಾತೆಯಿಂದ ತಮ್ಮನ ಮಗಳ ಫೀಸು ಕಟ್ಟುವುದು ನಮ್ಮ ಮನೆಗಳಲ್ಲಿ ಸಹಜ, ಶ್ಲಾಘ್ಯವೂ ಹೌದು; ಅದನ್ನು ಕುಟುಂಬದ ರಿಟರ್ನಿನಲ್ಲಿ ಬರೆಯಲು ಹೋಗಬೇಡಿ.

ಈಗ ನಮ್ಮ ಸ್ವಂತ ತಪ್ಪಿನ ಕಥೆ. 2014ರಲ್ಲಿ ದೊಡ್ಡ ಮಗ ಎಂಜಿನಿಯರಿಂಗ್ ಸೇರಿದಾಗ ಕಾಳುಮೆಣಸಿನ ಹಣ ಸಾಲದೆ ಹೋಯಿತು. ಶಿಕ್ಷಣ ಸಾಲಕ್ಕೆ ಕಾಗದ ಪತ್ರ ಹೆಚ್ಚು, ತೋಟದ ಆಧಾರದ ಮೇಲೆ ನಿಮ್ಮ ಹೆಸರಿನಲ್ಲೇ ಸಾಲ ಕೊಟ್ಟರೆ ಎಂಟು ದಿನದಲ್ಲಿ ಹಣ ಕೈಸೇರುತ್ತದೆ ಎಂದು ಬ್ಯಾಂಕೊಂದರ ಮ್ಯಾನೇಜರು ಹೇಳಿದರು. ನಮಗೂ ಅವಸರ. ಸಹಿ ಹಾಕಿದೆವು. ಎಂಟು ದಿನದಲ್ಲಿ ಹಣ ಬಂತು, ಆ ಮಾತು ಅವರು ತಪ್ಪಲಿಲ್ಲ. ಮಗ 2018ರಲ್ಲಿ ಓದು ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, "ಇನ್ನು ಸಾಲ ನಾನು ಕಟ್ತೇನೆ ಅಪ್ಪಯ್ಯ" ಎಂದ. ಆ ವರ್ಷ ಅವನು ಕಟ್ಟಿದ ಬಡ್ಡಿ ಹತ್ತಿರ ಹತ್ತಿರ ರೂ. 60,000. ಅವನ ಆದಾಯ ನೂರಕ್ಕೆ 20ರ ದರದಲ್ಲಿತ್ತು. ಅವನ ಹೆಸರಿನ ಶಿಕ್ಷಣ ಸಾಲವಾಗಿದ್ದರೆ ಆ ಒಂದು ವರ್ಷಕ್ಕೇ ರೂ. 12,480 ತೆರಿಗೆ ಉಳಿಯುತ್ತಿತ್ತು. ಆದರೆ ಸಾಲ ಅವನದಲ್ಲ, ನಮ್ಮದು. ಕಾಗದದಲ್ಲಿ ಅದು ಶಿಕ್ಷಣ ಸಾಲವೂ ಅಲ್ಲ, ಬರೀ ಆಧಾರ ಸಾಲ. ನಾವು ಕಳೆಯೋಣವೆಂದರೆ ನಾವು ಚೆರಿಯನ್ನೇ ಮಾರುವವರು, ತೆರಿಗೆಯ ಆದಾಯವೇ ಇಲ್ಲ. ಹೀಗೆ ತಂದೆಗೂ ಇಲ್ಲದೆ ಮಗನಿಗೂ ಇಲ್ಲದೆ ನಾಲ್ಕು ವರ್ಷ ಬಡ್ಡಿ ಹೋಯಿತು. ಪದವೀಧರನಾಗಿ, ಸಂಘದ ಲೆಕ್ಕ ನೋಡುವವನಾಗಿ, ಸಹಿ ಹಾಕುವ ಮುಂಚೆ ಅರ್ಧ ಗಂಟೆ ಓದಲಿಲ್ಲವಲ್ಲ ಎಂದು ಮನೆಯವರು ಈಗಲೂ ನೆನಪಿಸುತ್ತಾರೆ.

ಆದ್ದರಿಂದ ನಾವು ಹೇಳುವುದು ಒಂದೇ. ಸಾಲ ಮಾಡುವುದೇ ಆದರೆ ಶಿಕ್ಷಣ ಸಾಲವೆಂದೇ ಮಾಡಿ, ವಿದ್ಯಾರ್ಥಿಯೇ ಮುಖ್ಯ ಸಾಲಗಾರನಾಗಿರಲಿ, ತಂದೆ ತಾಯಿ ಜೊತೆ ಸಹಿ ಹಾಕಿ. ನಾಳೆ ಸಂಬಳ ತಂದು ತೆರಿಗೆ ಕಟ್ಟುವವನು ಅವನು. ಅವನ ಸಂಬಳ ದೊಡ್ಡದಾಗಿ, ಹಳೆಯ ಪದ್ಧತಿ ಲಾಭವೆಂದು ಕಂಡರೆ, ಬಡ್ಡಿ ಕಳೆಯುವ ಹಕ್ಕು ಅವನ ಕೈಯಲ್ಲಿರುತ್ತದೆ. ಎಂಟು ವರ್ಷದ ಗಡಿಯಾರ ಓಡಲು ತೊಡಗುವುದು ಅವನು ಬಡ್ಡಿ ಕಟ್ಟಲು ಶುರುಮಾಡಿದ ವರ್ಷದಿಂದ. ಓದುವಾಗಲೇ ಬಡ್ಡಿ ಕಟ್ಟಿ ಮುಗಿಸಬೇಕೆಂಬ ಆತುರ ನಮ್ಮ ಹಳಬರಿಗೆ ಇರುತ್ತದೆ. ಸಾಲದ ಹೊರೆ ಇಳಿಸಲು ಅದು ಒಳ್ಳೆಯದೇ, ಕಟ್ಟುವವರು ಯಾರ ಖಾತೆಯಿಂದ ಕಟ್ಟುತ್ತಿದ್ದೇವೆಂಬುದನ್ನು ಗಮನಿಸಿದರೆ ಸಾಕು.

ಸಾಲ ಎಲ್ಲಿಂದ ಎಂಬುದೂ ಮುಖ್ಯ. ಕಾರ್ಯದರ್ಶಿಯಾಗಿ ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯಬೇಕು. 80-ಇ ಕಲಮಿಗೆ ಸಲ್ಲುವುದು ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಗೆ ಒಳಪಟ್ಟ ಬ್ಯಾಂಕು, ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿದ ಸಂಸ್ಥೆ, ಅಥವಾ ಮಾನ್ಯತೆ ಪಡೆದ ಧರ್ಮಾರ್ಥ ಸಂಸ್ಥೆಯಿಂದ ಪಡೆದ ಸಾಲ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೆ ಆ ಬ್ಯಾಂಕಿಂಗ್ ಕಾಯಿದೆ ಅನ್ವಯಿಸುವುದಿಲ್ಲ. ಅಲ್ಲಿನ ಸಾಲ ಇದಕ್ಕೆ ಬರುವುದಿಲ್ಲ. ಭಾವನ ಹತ್ತಿರ ಕೈಗಡ ತಂದದ್ದು ಬರುವುದಿಲ್ಲ. ಚಿನ್ನ ಇಟ್ಟು ತಂದದ್ದೂ ಶಿಕ್ಷಣ ಸಾಲವಲ್ಲ. ಶೂನ್ಯ ಬಡ್ಡಿಯ ಬೆಳೆ ಸಾಲ ತೆಗೆದು ಮಗನ ಫೀಸು ಕಟ್ಟಿದವರೂ ನಮ್ಮ ನಡುವೆ ಇದ್ದಾರೆಂಬುದನ್ನು ನಾವು ಬಲ್ಲೆವು. ಬಡ್ಡಿಯೇ ಇಲ್ಲದ ಮೇಲೆ ಕಳೆಯುವ ಮಾತಿಲ್ಲ, ಬೆಳೆಗೆಂದು ಕೊಟ್ಟ ಹಣ ಬೆಳೆಗೇ ಹೋಗಬೇಕು ಎಂಬುದನ್ನು ಇಲ್ಲಿ ಮೆಲ್ಲಗೆ ಹೇಳಿ ಮುಂದೆ ಹೋಗುತ್ತೇವೆ.

ತೆರಿಗೆಗಿಂತ ಹೆಚ್ಚು ಉಳಿಸಿಕೊಡುವುದು ಬಡ್ಡಿಯ ಸಹಾಯಧನ. 2024ರಲ್ಲಿ ಮಂಜೂರಾದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಂತೆ, ಪಟ್ಟಿಯಲ್ಲಿರುವ ಕಾಲೇಜುಗಳಿಗೆ ಸೇರುವವರಿಗೆ ಆಧಾರವಿಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷ ವರೆಗಿನ ಸಾಲಕ್ಕೆ ಓದು ಮುಗಿದು ಕಂತು ಶುರುವಾಗುವ ತನಕ ನೂರಕ್ಕೆ 3ರ ಬಡ್ಡಿ ರಿಯಾಯಿತಿಗೆ ಅರ್ಜಿ ಹಾಕಬಹುದು. ಇಲ್ಲಿ ನಮ್ಮವರು ಎಡವುವ ಜಾಗ ಒಂದಿದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದ್ದರಿಂದ ನಮ್ಮ ಆದಾಯ ಸೊನ್ನೆ ಎಂದು ಬರೆಯುತ್ತಾರೆ. ತಹಸೀಲ್ದಾರರ ಆದಾಯ ಪ್ರಮಾಣಪತ್ರದಲ್ಲಿ ತೋಟದ ಆದಾಯವನ್ನೂ ಎಣಿಸುತ್ತಾರೆ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಸೊನ್ನೆ ಎಂದರೆ ಗ್ರಾಮ ಆಡಳಿತಾಧಿಕಾರಿಯೂ ನಕ್ಕಾರು.

ಮಗನೋ ಮಗಳೋ ತೆರಿಗೆಯವರ ಲೆಕ್ಕದಲ್ಲಿ ಬೇರೆ ಅಸಾಮಿ ಎಂದೆವಲ್ಲ, ಅದರಲ್ಲಿ ಸ್ವಲ್ಪ ಅನುಕೂಲವೂ ಉಂಟು. ಹದಿನೆಂಟರೊಳಗಿನ ಮಗುವಿನ ಠೇವಣಿಯ ಬಡ್ಡಿಯನ್ನು ತಂದೆ ತಾಯಿಯರಲ್ಲಿ ಹೆಚ್ಚು ಆದಾಯದವರಿಗೆ ಸೇರಿಸಿ ಎಣಿಸುತ್ತಾರೆ. ಹದಿನೆಂಟು ತುಂಬಿದ ಮೇಲೆ ಅದು ಮಗುವಿನದೇ ಆದಾಯ. ತಂದೆ ತಾಯಿ ಕೊಟ್ಟ ಕೊಡುಗೆಗೆ ತೆರಿಗೆ ಇಲ್ಲ, ಆ ಕೊಡುಗೆಯಿಂದ ಹುಟ್ಟುವ ಬಡ್ಡಿ ಕೊಟ್ಟವರ ತಲೆಗೆ ಬರುವುದೂ ಇಲ್ಲ. ಹೆಂಡತಿಗೆ ಅಥವಾ ಸೊಸೆಗೆ ಕೊಟ್ಟರೆ ಬರುತ್ತದೆ; ಮಗಳಿಗೆ, ಮಗನಿಗೆ ಕೊಟ್ಟರೆ ಬರುವುದಿಲ್ಲ. ನಾಲ್ಕು ವರ್ಷದ ಫೀಸಿಗೆಂದು ತೆಗೆದಿಟ್ಟ ಹಣವನ್ನು ಮಗಳ ಹೆಸರಿಗೇ ಠೇವಣಿ ಇಟ್ಟು, ಬೇರೆ ತೆರಿಗೆಯ ಆದಾಯವಿಲ್ಲದಿದ್ದರೆ ತೆರಿಗೆ ಕಡಿಯಬೇಡಿ ಎಂಬ ಘೋಷಣೆಯನ್ನು ಬ್ಯಾಂಕಿಗೆ ಕೊಟ್ಟರಾಯಿತು. ಕೊಟ್ಟ ಹಣ ಕೊಟ್ಟದ್ದೇ. ಕಾನೂನಿನಂತೆ ಅದು ಅವಳದು, ಮುಂದಿನ ವರ್ಷ ಸ್ಪ್ರಿಂಕ್ಲರ್ ಪೈಪಿಗೆ ಬೇಕೆಂದು ವಾಪಸು ಕೇಳುವಂತಿಲ್ಲ. ಮಕ್ಕಳಿಗೆ ಪಾನ್ ಕಾರ್ಡು ಮಾಡಿಸುವುದನ್ನೂ ಮರೆಯಬೇಡಿ. ಕೊನೆಯ ವರ್ಷದಲ್ಲಿ ಬೆಂಗಳೂರಿನ ಕಂಪೆನಿಗಳು ತರಬೇತಿಗೆ ಕೊಡುವ ಹಣದಲ್ಲಿ ಟಿ.ಡಿ.ಎಸ್. ಹಿಡಿದಿದ್ದರೆ ರಿಟರ್ನ್ ಹಾಕಿದ ಹೊರತು ಅದು ವಾಪಸು ಬಾರದು.

ವಿದೇಶಕ್ಕೆ ಕಳಿಸುವವರಿಗೆ ಒಂದು ಮಾತು. 2025ರ ಏಪ್ರಿಲ್‌ನಿಂದ, ವರ್ಷಕ್ಕೆ 10 ಲಕ್ಷ ಮೀರಿ ಹೊರದೇಶಕ್ಕೆ ಫೀಸಿನ ಹಣ ಕಳಿಸಿದರೆ, ಮೀರಿದ ಮೊತ್ತದ ಮೇಲೆ ಬ್ಯಾಂಕು ಟಿ.ಸಿ.ಎಸ್. ಎಂದು ಒಂದು ಪಾಲು ಹಿಡಿಯುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸಿದ ಹಣಕ್ಕೆ ಇದಿಲ್ಲ. ಹಿಡಿದ ಹಣ ಹಣ ಕಳಿಸಿದವರ ಪಾನ್ ಲೆಕ್ಕದಲ್ಲಿ ಜಮೆಯಾಗಿರುತ್ತದೆ. ಆದರೆ "ನಮ್ಮದು ಕೃಷಿ ಆದಾಯ, ರಿಟರ್ನ್ ಏಕೆ" ಎಂದು ಸುಮ್ಮನಿರುವ ಅಡಿಕೆ ಬೆಳೆಗಾರರು ಅದನ್ನು ಕಳೆದುಕೊಂಡಂತೆಯೇ. ಅಂಥ ವರ್ಷ ರಿಟರ್ನ್ ಹಾಕಿ ಮರುಪಾವತಿ ಕೇಳಲೇಬೇಕು.

ಇಷ್ಟನ್ನೂ ನಾವು ಆ ಹಿರಿಯ ಸದಸ್ಯರಿಗೆ ಎರಡು ಲೋಟ ಕಾಫಿಯ ನಡುವೆ ವಿವರಿಸಿದೆವು. ಅವರು ಸುಲಭಕ್ಕೆ ಬಿಡುವವರಲ್ಲ.

"ಹಾಗಾದ್ರೆ ಹುಡುಗ ಮುಂದೆ ಎಂ.ಎಸ್. ಮಾಡೋಕೆ ಅಮೆರಿಕಕ್ಕೆ ಹೋದ್ರೆ? ಚಿಕ್ಕಪ್ಪನ ಮನೇಲೇ ಇರ್ತಾನೆ. ಅವನಾದ್ರೂ ಇವನ ಹೆಸರು ತೋರಿಸಬಹುದಲ್ಲ?"

ಅಣ್ಣನ ಮಗ ಎಂಬ ಸಂಬಂಧವನ್ನು ಅಲ್ಲಿನ ಕಾನೂನು ಒಪ್ಪುತ್ತದೆ. ಆದರೆ ಹೆಸರು ತೋರಿಸಬೇಕಾದರೆ ಅವನು ಅಮೆರಿಕದ ಪ್ರಜೆಯೋ, ತೆರಿಗೆಯ ಲೆಕ್ಕದಲ್ಲಿ ಅಲ್ಲಿನ ನಿವಾಸಿಯೋ ಆಗಿರಬೇಕು. ಕೆನಡಾ, ಮೆಕ್ಸಿಕೋದ ನಿವಾಸಿಯಾದರೂ ಆದೀತು, ಭಾರತದವನಾದರೆ ಆಗದು. ವಿದ್ಯಾರ್ಥಿ ವೀಸಾದಲ್ಲಿ ಹೋದವನನ್ನು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ನಿವಾಸಿ ಎಂದು ಎಣಿಸುವುದಿಲ್ಲ. ಚಿಕ್ಕಪ್ಪ ಅನ್ನ ಹಾಕಬಹುದು, ಹೆಸರು ಹಾಕಲಾಗದು. ಹುಡುಗನಿಗೆ ಮಾತ್ರ ಒಂದು ಅನುಕೂಲವಿದೆ: ಭಾರತ ಮತ್ತು ಅಮೆರಿಕದ ನಡುವಿನ 1989ರ ತೆರಿಗೆ ಒಪ್ಪಂದದ 21ನೇ ವಿಧಿಯಂತೆ, ನಮ್ಮ ದೇಶದ ವಿದ್ಯಾರ್ಥಿ ಅಲ್ಲಿ ದುಡಿದ ಅಲ್ಪಸ್ವಲ್ಪ ಸಂಬಳಕ್ಕೆ ಅಲ್ಲಿನವರಿಗೆ ಸಿಗುವ ಸ್ಟಾಂಡರ್ಡ್ ಡಿಡಕ್ಷನ್ ಪಡೆಯಬಹುದು. ಬೇರೆ ಬಹುತೇಕ ದೇಶಗಳ ವಿದ್ಯಾರ್ಥಿಗಳಿಗೆ ಇದು ಇಲ್ಲ.

ಸದಸ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಚೀಲದಿಂದ ಬ್ಯಾಂಕಿನ ಸಾಲದ ಅರ್ಜಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಸಾಲಗಾರರ ಹೆಸರು ಎಂಬಲ್ಲಿ ಅವರ ಹೆಸರೇ ಇತ್ತು, ಮಗನ ಹೆಸರು ಎಲ್ಲಿಯೂ ಇರಲಿಲ್ಲ. ಸಹಿ ಇನ್ನೂ ಬಿದ್ದಿರಲಿಲ್ಲ.

"ಇದನ್ನ ಹೊಸದಾಗಿ ಬರೆಸ್ಬೇಕು ಹಾಗಾದ್ರೆ" ಎಂದು ಅರ್ಜಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು, ಮಳೆ ಸ್ವಲ್ಪ ಹೊಳವಾದದ್ದನ್ನು ನೋಡಿ, ಹನ್ನೊಂದರ ಬಸ್ಸಿಗೆ ಹೊರಟರು.